ಉದ್ದ ಕೂದಲಿನ ಬೆಕ್ಕನ್ನು ಬೋಳಿಸಿದರೆ ಕೂದಲು ಉದುರುವುದು ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಪರ್ಷಿಯನ್ ಬೆಕ್ಕಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್, ಬೆಕ್ಕು ಹೊರಗೆ ಹೋಗುವುದೇ ಇಲ್ಲ. ಸೋಫಾ, ಹಾಸಿಗೆ, ಒಗೆದು ಮಡಚಿಟ್ಟ ಬಟ್ಟೆ, ಎಲ್ಲಿ ನೋಡಿದರೂ ಕೂದಲು. ಅತ್ತೆಯವರಿಗೆ ಸೀನು, ಕಣ್ಣುರಿ ಶುರುವಾಗಿದೆ. ಬೇಸಿಗೆ ಬರುತ್ತಿದೆ, ತಲೆ, ಪಾದ, ಬಾಲದ ತುದಿ ಬಿಟ್ಟು ಮೈ ಪೂರ್ತಿ ಬೋಳಿಸಿ ಲಯನ್ ಕಟ್ ಮಾಡಿಸಿಬಿಡಿ, ಕೂದಲೂ ಉದುರುವುದಿಲ್ಲ, ಬೆಕ್ಕಿಗೂ ತಂಪು ಎನ್ನುತ್ತಾರೆ ಗ್ರೂಮಿಂಗ್ ಅಂಗಡಿಯವರು. ಮಾಡಿಸಬಹುದೇ?

ಉತ್ತರ: ಕೂದಲು ಉದುರುವುದೊಂದೇ ಕಾರಣವಾದರೆ ಬೋಳಿಸಬೇಡಿ. ಬೋಳಿಸಿದ ಮೇಲೂ ನಿಮ್ಮ ಬೆಕ್ಕಿನ ಕೂದಲು ಈಗಿನಷ್ಟೇ ಉದುರುತ್ತದೆ. ಉದುರುವ ಎಳೆ ಗಿಡ್ಡವಾಗಿರುತ್ತದೆ, ವ್ಯತ್ಯಾಸ ಅಷ್ಟೇ.

ಕೂದಲು ಉದುರಬೇಕೋ ಬೇಡವೋ ಎಂಬುದು ಅದರ ಬುಡದಲ್ಲಿ ತೀರ್ಮಾನವಾಗುತ್ತದೆ. ಪ್ರತಿ ಎಳೆಯೂ ಕೆಲಕಾಲ ಬೆಳೆದು, ಬೆಳವಣಿಗೆ ನಿಲ್ಲಿಸಿ, ವಿಶ್ರಾಂತಿಗೆ ಹೋಗಿ, ಕೊನೆಗೆ ಕಳಚಿಕೊಳ್ಳುತ್ತದೆ. ಮಷೀನು ಮುಟ್ಟುವುದು ಚರ್ಮದ ಮೇಲಿರುವ ಭಾಗವನ್ನು ಮಾತ್ರ, ಬುಡದ ಈ ಚಕ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ಆರು ಸೆಂಟಿಮೀಟರ್ ಉದ್ದದ ಎಳೆ ಉದುರುತ್ತಿದ್ದ ಜಾಗದಿಂದ ಎರಡು ಮಿಲಿಮೀಟರಿನ ಎಳೆ ಉದುರುತ್ತದೆ. ಉದ್ದ ಕೂದಲು ಸುರುಳಿಯಾಗಿ ಮೂಲೆ ಸೇರುವುದರಿಂದ ಗುಡಿಸಿ ತೆಗೆಯಬಹುದು. ಗಿಡ್ಡ ಕೂದಲು ಸೋಫಾ ಬಟ್ಟೆಯ ನೇಯ್ಗೆಯೊಳಗೆ ಸೂಜಿಯಂತೆ ನೆಟ್ಟುಕೊಳ್ಳುತ್ತದೆ, ವ್ಯಾಕ್ಯೂಮ್ ಕ್ಲೀನರ್‌ಗೂ ಸುಲಭಕ್ಕೆ ಬರುವುದಿಲ್ಲ. ಮೊದಲ ಒಂದೆರಡು ವಾರ ಮನೆ ಸ್ವಚ್ಛವಾದಂತೆ ಕಾಣುವುದು ನಿಜ. ಉದುರಲಿದ್ದ ಕೂದಲೆಲ್ಲ ಒಮ್ಮೆಗೇ ಅಂಗಡಿಯ ನೆಲಕ್ಕೆ ಬಿದ್ದಿರುತ್ತದಲ್ಲ, ಅದರ ಪರಿಣಾಮ ಅದು.

ಬೆಕ್ಕಿನ ಕೂದಲು ಉದುರಲು ದೊಡ್ಡ ಪ್ರಚೋದನೆ ಹಗಲಿನ ಉದ್ದ. ಚಳಿ ದೇಶಗಳಲ್ಲಿ ಬೇಸಿಗೆಯ ಹಗಲು ಬಹಳ ಹಿಗ್ಗುವುದರಿಂದ ಅಲ್ಲಿ ವಸಂತದಲ್ಲಿ ಒಮ್ಮೆಗೇ ಉದುರುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲು ಸುಮಾರು ಹನ್ನೊಂದೂವರೆ ಗಂಟೆ, ಜೂನಿನದು ಹೆಚ್ಚುಕಡಿಮೆ ಹದಿಮೂರು. ಏರಿಳಿತ ಅಷ್ಟೇ ಆದಾಗ, ಅದರ ಮೇಲೆ ರಾತ್ರಿ ಹನ್ನೊಂದರವರೆಗೂ ಮನೆಯಲ್ಲಿ ಟ್ಯೂಬ್‌ಲೈಟ್ ಉರಿಯುವಾಗ, ಮನೆಯೊಳಗಿನ ಬೆಕ್ಕು ವರ್ಷವಿಡೀ ಅಷ್ಟಷ್ಟೇ ಉದುರಿಸುತ್ತಿರುತ್ತದೆ. ಇದು ರೋಗವಲ್ಲ. ಆದರೆ ವರ್ಷಕ್ಕೊಮ್ಮೆ ಬೋಳಿಸಿ ಮುಗಿಸುವ ಕೆಲಸವೂ ಅಲ್ಲ.

ಇನ್ನು ಅತ್ತೆಯವರ ಸೀನು. ಬೆಕ್ಕಿನ ಅಲರ್ಜಿಗೆ ಮುಖ್ಯ ಕಾರಣ ಫೆಲ್ ಡಿ 1 ಎಂಬ ಪ್ರೋಟೀನು. ಅದು ಹುಟ್ಟುವುದು ಬೆಕ್ಕಿನ ಜೊಲ್ಲಿನಲ್ಲಿ ಮತ್ತು ಚರ್ಮದ ಎಣ್ಣೆ ಗ್ರಂಥಿಗಳಲ್ಲಿ. ನೆಕ್ಕಿಕೊಂಡಾಗ ಕೂದಲಿಗೆ ಅಂಟಿ, ಒಣಗಿ, ಹೊಟ್ಟಿನ ಜೊತೆ ಗಾಳಿಗೆ ಸೇರುತ್ತದೆ. ಕೂದಲು ಅದರ ವಾಹನ ಮಾತ್ರ. ಬೋಳಿಸಿದ ಬೆಕ್ಕು ಬರೀ ಚರ್ಮವನ್ನೇ ನೆಕ್ಕುತ್ತದೆ, ಪ್ರೋಟೀನಿನ ಉತ್ಪತ್ತಿ ಹಾಗೇ ಇರುತ್ತದೆ. ಅತ್ತೆಯವರು ಮಲಗುವ ಕೋಣೆಗೆ ಬೆಕ್ಕನ್ನು ಬಿಡದಿರುವುದು, ಅಲ್ಲಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಇಡುವುದು, ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಕವರುಗಳನ್ನು ಬಿಸಿನೀರಿನಲ್ಲಿ ಒಗೆಯುವುದು, ಬಾಚುವ ಕೆಲಸವನ್ನು ಅವರ ಬದಲು ಬೇರೆಯವರು ಮಾಡುವುದು, ಇವಿಷ್ಟರಿಂದ ಬೋಳಿಸುವುದಕ್ಕಿಂತ ಹೆಚ್ಚು ಅನುಕೂಲವಿದೆ. ಉಬ್ಬಸ, ಎದೆಯಲ್ಲಿ ಸಿಳ್ಳೆ ಶಬ್ದ ಕಂಡುಬಂದರೆ ಕಾಯಬೇಡಿ, ಅಲರ್ಜಿ ವೈದ್ಯರಿಗೆ ತೋರಿಸಿ. ಸೀನಿಗೆ ಕಾರಣ ಬೆಕ್ಕೋ ದೂಳಿನ ನುಸಿಯೋ ಎಂಬುದು ಪರೀಕ್ಷೆ ಮಾಡಿದರೆ ತಿಳಿಯುತ್ತದೆ.

ಬೆಕ್ಕಿಗೆ ತಂಪಾಗುತ್ತದೆ ಎಂಬ ಮಾತೂ ಅರ್ಧ ಸರಿ ಅಷ್ಟೇ. ನಮ್ಮ ಹಾಗೆ ಬೆಕ್ಕು ಮೈಯೆಲ್ಲ ಬೆವರುವುದಿಲ್ಲ, ಬೆವರು ಗ್ರಂಥಿ ಕೆಲಸ ಮಾಡುವುದು ಅಂಗಾಲಿನಲ್ಲಿ. ಉಳಿದಂತೆ ಅದು ಜೊಲ್ಲು ಸವರಿಕೊಂಡು, ತಣ್ಣನೆಯ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿ ಸೆಕೆ ಕಳೆಯುತ್ತದೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮಧ್ಯಾಹ್ನ 34 ಡಿಗ್ರಿ ಆಸುಪಾಸು ಇರುತ್ತದೆ. ಫ್ಯಾನು, ನೆರಳು, ಎರಡು ಮೂರು ಕಡೆ ನೀರಿನ ಬಟ್ಟಲು ಇದ್ದರೆ ಚೆನ್ನಾಗಿ ಬಾಚಿದ ಪರ್ಷಿಯನ್ ಬೆಕ್ಕು ಅದನ್ನು ತಡೆದುಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ 40 ದಾಟುವ ಬಿಸಿಲಿನಲ್ಲಿ ಕೂಲರ್ ಅಥವಾ ಎಸಿ ಇರುವ ಕೋಣೆಯೇ ಬೇಕು, ಬೋಳಿಸಿದರೂ ಬೇಕು. ನಿಜವಾಗಿ ಸೆಕೆ ಕೂಡಿಹಾಕುವುದು ಉದುರಿಯೂ ಹೊರಬೀಳದೆ ಒಳಗೇ ಸಿಕ್ಕಿಕೊಂಡ ಕೂದಲು ಮತ್ತು ಸಿಕ್ಕುಗಟ್ಟಿದ ಪದರ. ಬಾಚಿ ಅದನ್ನು ತೆಗೆದರೆ ಮೈಗೆ ಗಾಳಿ ಆಡುತ್ತದೆ. ಬೋಳು ಮೈಯಲ್ಲಿ ಬಾಲ್ಕನಿಯ ಬಿಸಿಲಿಗೆ ಮಲಗಿದರೆ ಚರ್ಮ ಸುಡುತ್ತದೆ, ಬಿಳಿ ಬೆಕ್ಕಿಗಂತೂ ಖಂಡಿತ ಆ ಅಪಾಯವಿದೆ. ಒಂದು ಎಚ್ಚರಿಕೆ: ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ತುರ್ತುಸ್ಥಿತಿ. ಚಪ್ಪಟೆ ಮೂಗಿನ ಪರ್ಷಿಯನ್‌ಗೆ ಇದು ಇನ್ನೂ ಬೇಗ ಬರುತ್ತದೆ. ಐಸ್ ಇಡಬೇಡಿ. ನಲ್ಲಿನೀರಿನಲ್ಲಿ ಹೊಟ್ಟೆ, ಕಂಕುಳು, ಪಾದ ಒದ್ದೆ ಮಾಡಿ, ಫ್ಯಾನಿನ ಕೆಳಗೆ ಇಟ್ಟು, ಕೂಡಲೇ ಪಶುವೈದ್ಯರ ಬಳಿ ಒಯ್ಯಿರಿ.

ಬೋಳಿಸುವಾಗ ಆಗುವ ತೊಂದರೆಗಳನ್ನೂ ತಿಳಿದಿರಿ. ಬೆಕ್ಕಿನ ಚರ್ಮ ತೆಳು, ಮೇಲಾಗಿ ಸಡಿಲ. ಕಂಕುಳು, ತೊಡೆಸಂದು, ಪಕ್ಕೆಯಿಂದ ಹಿಂಗಾಲಿಗೆ ಇಳಿಯುವ ಮಡಿಕೆ, ಮೊಲೆತೊಟ್ಟು, ಹಿಂಗಾಲಿನ ಹಿಮ್ಮಡಿ ನರದ ಮೇಲಿನ ಚರ್ಮ, ಇವು ಬ್ಲೇಡಿನ ಹಲ್ಲುಗಳ ನಡುವೆ ಸುಲಭವಾಗಿ ಸಿಕ್ಕಿ ಕತ್ತರಿಸಿಹೋಗುತ್ತವೆ. ಮಷೀನು ಓಡುತ್ತ ಓಡುತ್ತ ಬ್ಲೇಡು ಕಾಯುತ್ತದೆ. ಕಾದ ಬ್ಲೇಡು ತಾಗಿದ ಜಾಗ ಆಗ ಕೆಂಪಗಾದಂತೆ ಕಾಣಬಹುದು, ಮಾರನೆಯ ದಿನ ಒಸರುವ ಗಾಯವಾಗಿರುತ್ತದೆ. ಬೆಕ್ಕು ಅದನ್ನೇ ನೆಕ್ಕಿ ನೆಕ್ಕಿ ದೊಡ್ಡದು ಮಾಡುತ್ತದೆ. ಕೂದಲು ಮೊದಲಿನ ಉದ್ದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು. ಮೆತ್ತನೆಯ ಒಳಕೂದಲು ಮೊದಲು ತುಂಬಿಕೊಂಡು ಹೊರಗಿನ ಉದ್ದ ಕೂದಲು ತಡವಾಗಿ ಬಂದಾಗ, ಹತ್ತಿಯಂಥ ಆ ಹೊಸ ಕೂದಲು ಹಳೆಯದಕ್ಕಿಂತ ಬೇಗ ಗಂಟುಕಟ್ಟುತ್ತದೆ. ಮುಖ, ಕಿವಿ, ಬಾಲ ಮಾತ್ರ ಕಪ್ಪಗಿರುವ ಹಿಮಾಲಯನ್ ಮಾದರಿಯ ಬೆಕ್ಕಾದರೆ ಬೋಳಿಸಿದ ಜಾಗದಲ್ಲಿ ಕಪ್ಪು ಕೂದಲೇ ಹುಟ್ಟಬಹುದು. ಚರ್ಮ ತಣ್ಣಗಾದಷ್ಟೂ ಕಪ್ಪು ಬಣ್ಣ ಹೆಚ್ಚುವ ತಳಿಗುಣ ಅದರದು. ಮುಂದಿನ ಸಲ ಕೂದಲು ಬದಲಾಗುವವರೆಗೂ ಆ ಮಚ್ಚೆ ಉಳಿಯುತ್ತದೆ.

ಹಾಗಂತ ಮಷೀನು ಎಂದೂ ಬೇಡವೆಂದಲ್ಲ. ಮೈಕೂದಲು ಕಂಬಳಿಯಂತೆ ಒಂದೇ ಹಾಳೆಯಾಗಿ ಸಿಕ್ಕುಗಟ್ಟಿದ್ದರೆ ಬೋಳಿಸುವುದೇ ದಯೆಯ ಕೆಲಸ. ಅಂಥ ಹಾಳೆ ಪ್ರತಿ ಹೆಜ್ಜೆಗೂ ಚರ್ಮವನ್ನು ಎಳೆಯುತ್ತದೆ, ಅದರಡಿಯಲ್ಲಿ ಹುಣ್ಣು, ಕೀವು, ಮಳೆಗಾಲದಲ್ಲಿ ಹುಳ ಕೂಡ ಇರಬಹುದು. ಅದನ್ನು ಬಾಚಿ ಬಿಡಿಸುತ್ತೇನೆಂದು ಕೂರುವುದು ಬೆಕ್ಕಿಗೆ ಹಿಂಸೆ. ಗಾಯ, ಶಸ್ತ್ರಚಿಕಿತ್ಸೆ, ಮೈತುಂಬ ಹರಡಿದ ಹುಳುಕಡ್ಡಿ, ಬೊಜ್ಜಿನಿಂದಲೋ ಮುಪ್ಪಿನ ಕೀಲುನೋವಿನಿಂದಲೋ ಬೆನ್ನು, ಹಿಂಭಾಗ ನೆಕ್ಕಿಕೊಳ್ಳಲಾಗದ ಬೆಕ್ಕು, ಇವೂ ಸರಿಯಾದ ಕಾರಣಗಳೇ. ಪೂರ್ತಿ ಮೈ ಬೋಳಿಸಬೇಕಾದ ಇಂಥ ಸಂದರ್ಭದಲ್ಲಿ ಕೆಲಸ ಪಶುವೈದ್ಯರ ಕ್ಲಿನಿಕ್‌ನಲ್ಲಿ, ಬೇಕಾದರೆ ಮಂಪರು ಔಷಧ ಕೊಟ್ಟು ಆಗಬೇಕು. ಪರ್ಷಿಯನ್ ತಳಿಗೆ ಉಸಿರಾಟದ ದಾರಿ ಕಿರಿದು, ಕಿಡ್ನಿಯಲ್ಲಿ ನೀರುಗುಳ್ಳೆಯ ಕಾಯಿಲೆಯೂ ಈ ತಳಿಯಲ್ಲಿ ಆನುವಂಶಿಕವಾಗಿ ಬರುತ್ತದೆ. ಹಾಗಾಗಿ ಮಂಪರಿಗೆ ಮುಂಚೆ ಎದೆ ಪರೀಕ್ಷೆ, ರಕ್ತಪರೀಕ್ಷೆ ಕೇಳಿ ಮಾಡಿಸಿ. ತಾವೇ ಮಾತ್ರೆ ಕೊಟ್ಟು ಮಲಗಿಸುತ್ತೇವೆ ಎನ್ನುವ ಗ್ರೂಮಿಂಗ್ ಅಂಗಡಿಯಿಂದ ಬೆಕ್ಕನ್ನು ಎತ್ತಿಕೊಂಡು ಹೊರಟುಬಿಡಿ.

ಈಗ ನಿಮ್ಮ ಸಮಸ್ಯೆಗೆ ನಿಜವಾದ ಪರಿಹಾರ: ಬಾಚುವುದು. ಉದುರಲು ಸಿದ್ಧವಾದ ಕೂದಲನ್ನು ಸೋಫಾ ಹಿಡಿಯುವ ಮೊದಲು ಬಾಚಣಿಗೆ ಹಿಡಿದರೆ ಮನೆಯ ಕೂದಲು ತಾನಾಗಿ ಕಡಿಮೆಯಾಗುತ್ತದೆ. ಬಾಚುತ್ತೇವೆ, ಆದರೂ ಉದುರುತ್ತದೆ ಎನ್ನುವ ಬಹಳಷ್ಟು ಮನೆಗಳಲ್ಲಿ ಬ್ರಷ್ಷು ಮೇಲ್ಮೈಯನ್ನಷ್ಟೇ ಸವರಿರುತ್ತದೆ. ಮೇಲೆ ರೇಷ್ಮೆ, ಅಡಿಯಲ್ಲಿ ಸಿಕ್ಕು. ಕೂದಲು ಎತ್ತಿ ಚರ್ಮ ನೋಡಿದರೆ ಗೊತ್ತಾಗುತ್ತದೆ.

ಬೇಕಾದ ಮುಖ್ಯ ಸಾಧನ ಒಂದೇ, ಸ್ಟೀಲಿನ ಬಾಚಣಿಗೆ. ಅರ್ಧ ಭಾಗದ ಹಲ್ಲು ಅಗಲ, ಇನ್ನರ್ಧ ಒತ್ತಾಗಿರುವಂಥದ್ದು. ಹಲ್ಲಿನ ಉದ್ದ ಎರಡೂವರೆ ಸೆಂಟಿಮೀಟರಿನಷ್ಟಾದರೂ ಇರಲಿ, ಇಲ್ಲದಿದ್ದರೆ ಪರ್ಷಿಯನ್‌ನ ಚರ್ಮದವರೆಗೆ ತಲುಪುವುದಿಲ್ಲ. ಜೊತೆಗೆ ಬೇಕಿದ್ದರೆ ಮೆತ್ತನೆ ತಂತಿಯ ಸ್ಲಿಕ್ಕರ್ ಬ್ರಷ್. ಕೊಳ್ಳುವಾಗ ನಿಮ್ಮ ಮುಂಗೈ ಒಳಭಾಗದ ಮೇಲೆ ಎಳೆದು ನೋಡಿ, ನಿಮಗೆ ಗೀರು ಬಿದ್ದರೆ ಬೆಕ್ಕಿಗೂ ಬೀಳುತ್ತದೆ. ಬ್ಲೇಡಿನಂಥ ಹಲ್ಲಿರುವ ಡಿಶೆಡ್ಡಿಂಗ್ ಸಾಧನಗಳು ರಾಶಿರಾಶಿ ಕೂದಲು ತೆಗೆದು ತೋರಿಸುತ್ತವೆ, ಆದರೆ ಒತ್ತಿ ಎಳೆದರೆ ಆರೋಗ್ಯವಾಗಿರುವ ಹೊರಕೂದಲನ್ನೂ ಕತ್ತರಿಸುತ್ತವೆ. ವಾರಕ್ಕೊಮ್ಮೆ, ಬೆನ್ನು ಮತ್ತು ಪಕ್ಕೆಯಲ್ಲಿ ಒಂದು ಜಾಗಕ್ಕೆ ಎರಡು ಮೂರು ಎಳೆತ ಸಾಕು. ಹೊಟ್ಟೆ, ಕಂಕುಳು, ಕಾಲಿಗೆ ಅದು ಬೇಡವೇ ಬೇಡ.

ಸಂಜೆ ಆಟವಾಡಿ ಬೆಕ್ಕು ದಣಿದು ಕೂತಾಗ ಶುರುಮಾಡಿ. ಮೊದಲು ಬರಿಗೈಯಲ್ಲಿ ಮೈ ಸವರಿ ಎಲ್ಲಿ ಗಂಟಿದೆ ಎಂದು ಹುಡುಕಿ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಬಾಲದ ಬುಡ, ಕುತ್ತಿಗೆಗೆ ಪಟ್ಟಿ ಇದ್ದರೆ ಅದರ ಅಡಿ, ಗಂಟು ಹುಟ್ಟುವ ಜಾಗಗಳು ಇವೇ. ಕೆನ್ನೆ, ಭುಜದಂಥ ಅದಕ್ಕೆ ಇಷ್ಟದ ಜಾಗದಿಂದ ಆರಂಭಿಸಿ, ಹೊಟ್ಟೆ ಕೊನೆಗೆ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿಯಿರಿ, ಬೈತಲೆಯಂತೆ ಚರ್ಮದ ಗೆರೆ ಕಾಣಬೇಕು. ಆ ಗೆರೆಯಿಂದ ಕೂದಲು ಬೆಳೆದ ದಿಕ್ಕಿಗೆ ಅಗಲ ಹಲ್ಲಿನಿಂದ ಎಳೆಯಿರಿ. ಬಾಚಣಿಗೆ ಎಲ್ಲೂ ತಡೆಯದೆ ತುದಿಯವರೆಗೆ ಬಂದ ಮೇಲೆ ಒತ್ತು ಹಲ್ಲಿನಿಂದ ಇನ್ನೊಮ್ಮೆ. ಎರಡು ಸೆಂಟಿಮೀಟರ್ ಮೇಲೆ ಸರಿದು ಮುಂದಿನ ಗೆರೆ. ಇಡೀ ಮೈ ಒಂದೇ ದಿನ ಮುಗಿಯಬೇಕೆಂದಿಲ್ಲ. ಇವತ್ತು ಎಡಪಕ್ಕೆ, ನಾಳೆ ಬಲಪಕ್ಕೆ, ನಾಡಿದ್ದು ಹೊಟ್ಟೆ ಮತ್ತು ಬಾಲದ ಬುಡ ಎಂದು ಹಂಚಿಕೊಂಡರೂ ಆದೀತು, ದಿನಕ್ಕೆ ಐದರಿಂದ ಹತ್ತು ನಿಮಿಷ. ಬಾಲದ ತುದಿ ಪಟಪಟನೆ ಬಡಿಯತೊಡಗಿದರೆ, ಬೆನ್ನಿನ ಚರ್ಮ ಅಲೆಯಂತೆ ನಡುಗಿದರೆ, ಕಿವಿ ಪಕ್ಕಕ್ಕೆ ಮಡಿಸಿದರೆ ಅಲ್ಲಿಗೆ ನಿಲ್ಲಿಸಿ, ನೆಕ್ಕುವ ತಿನಿಸು ಕೊಟ್ಟು ಬಿಟ್ಟುಬಿಡಿ. ಕಚ್ಚುವವರೆಗೂ ಎಳೆದಾಡಿದ ಬೆಕ್ಕು ಮಾರನೆಯ ದಿನ ಬಾಚಣಿಗೆ ಕಂಡರೇ ಮಂಚದಡಿ ಸೇರುತ್ತದೆ. ಹೊಟ್ಟೆ ಬಾಚಲು ಇಬ್ಬರಿದ್ದರೆ ಸಲೀಸು: ಒಬ್ಬರು ಮುಂಗಾಲುಗಳನ್ನು ಸ್ವಲ್ಪವೇ ಎತ್ತಿ ಬೆಕ್ಕನ್ನು ಹಿಂಗಾಲಿನ ಮೇಲೆ ನಿಲ್ಲಿಸಲಿ, ಇನ್ನೊಬ್ಬರು ನಾಲ್ಕಾರು ಸಲ ಬಾಚಿ ಬಿಡಲಿ. ಅಂಗಾತ ಮಲಗಿಸಿದರೆ ಹೆಚ್ಚಿನ ಬೆಕ್ಕುಗಳು ಉಗುರು ಹೊರಗೆ ತೆಗೆಯುತ್ತವೆ.

ಗಂಟು ಸಿಕ್ಕಿದರೆ ಅದರ ಮೇಲೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ ಬೆರಳಿನಲ್ಲಿ ಉಜ್ಜಿ, ಜಿಡ್ಡು ಬಿಡುತ್ತದೆ. ಚರ್ಮಕ್ಕೂ ಗಂಟಿಗೂ ನಡುವೆ ಎರಡು ಬೆರಳಿನಿಂದ ಬುಡ ಬಿಗಿಹಿಡಿದು, ಎಳೆತ ಚರ್ಮಕ್ಕೆ ಹೋಗದಂತೆ ನೋಡಿಕೊಂಡು, ಬಾಚಣಿಗೆಯ ಕೊನೆಯ ಹಲ್ಲಿನಿಂದ ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಎರಡು ನಿಮಿಷದಲ್ಲಿ ಸಡಿಲವಾಗದಿದ್ದರೆ ಬಿಡಿ, ಆ ಗಂಟನ್ನಷ್ಟೇ ಮಷೀನಿನಿಂದ ತೆಗೆಸಿ. ಕತ್ತರಿ ಮಾತ್ರ ಮುಟ್ಟಲೇಬೇಡಿ. ಗಂಟನ್ನು ಎತ್ತಿ ಹಿಡಿದಾಗ ಚರ್ಮವೂ ಗೋಪುರದಂತೆ ಒಳಗೆ ಎದ್ದಿರುತ್ತದೆ, ಕೂದಲಿನ ನಡುವೆ ಅದು ಕಾಣುವುದಿಲ್ಲ. ಕತ್ತರಿ ಹಾಕಿ ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕಿಸಬೇಕಾಗುವುದು ಹೀಗೆಯೇ. ಕೊಬ್ಬರಿ ಎಣ್ಣೆ, ಟಾಲ್ಕಂ ಪೌಡರ್, ಮನುಷ್ಯರ ಕಂಡೀಷನರ್ ಯಾವುದೂ ಬೇಡ, ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ ಹೋಗುತ್ತದೆ.

ಪರ್ಷಿಯನ್‌ಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ನಾನ ಮಾಡಿಸಿದರೆ ಸಡಿಲ ಕೂದಲು ಒಟ್ಟಿಗೆ ಬಿಡುತ್ತದೆ, ಜಿಡ್ಡೂ ಹೋಗಿ ಗಂಟು ಕಡಿಮೆಯಾಗುತ್ತದೆ. ಆದರೆ ಪೂರ್ತಿ ಬಾಚಿದ ಮೇಲೆಯೇ ನೀರು. ಗಂಟಿರುವಾಗ ನೀರು ಬಿದ್ದರೆ ಅದು ಬಿಗಿದು ಬಿಡಿಸಲಾಗದ ಉಂಡೆಯಾಗುತ್ತದೆ. ಟಬ್ಬಿನ ಅಡಿಗೆ ಜಾರದಂತೆ ಟವೆಲ್ ಹಾಸಿ, ಮೊಣಕೈಗೆ ಹಿತವೆನಿಸುವ ಉಗುರುಬೆಚ್ಚನೆ ನೀರನ್ನು ಒಂದು ಗೇಣಿಗಿಂತ ಕಡಿಮೆ ತುಂಬಿ, ಚೊಂಬಿನಲ್ಲಿ ಮೆಲ್ಲಗೆ ಹಾಕಿ. ಮುಖಕ್ಕೆ ಒದ್ದೆ ಬಟ್ಟೆ ಸಾಕು. ಬೆಕ್ಕಿನ ಶಾಂಪೂವನ್ನೇ ಬಳಸಿ. ನಾಯಿಯ ಚಿಗಟದ ಶಾಂಪೂ, ಪೌಡರುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರಬಹುದು, ಅದು ಬೆಕ್ಕಿಗೆ ಜೀವಕ್ಕೇ ಅಪಾಯ. ನೊರೆಯ ಜಾರಿಕೆ ಹೋಗುವವರೆಗೆ ತೊಳೆದು, ಟವೆಲಿನಲ್ಲಿ ಉಜ್ಜದೆ ಒತ್ತಿ ನೀರು ಹೀರಿಸಿ, ಕಡಿಮೆ ಬಿಸಿಯ ಡ್ರೈಯರ್ ಹಿಡಿದು ಬಾಚುತ್ತಲೇ ಬುಡದವರೆಗೆ ಒಣಗಿಸಿ. ಕರಾವಳಿಯವರಿಗೆ, ಮಲೆನಾಡಿನವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದ ತೇವದಲ್ಲಿ ಒಳಕೂದಲು ತಾನಾಗಿ ಒಣಗುವುದೇ ಇಲ್ಲ, ಶಿಲೀಂಧ್ರಕ್ಕೆ ಅಷ್ಟೇ ಸಾಕು.

ಊಟವನ್ನೂ ಒಮ್ಮೆ ನೋಡಿಕೊಳ್ಳಿ. ಕೂದಲು ಬಹುಪಾಲು ಪ್ರೋಟೀನೇ. ಹಾಲನ್ನ, ಮೊಸರನ್ನದ ಮೇಲೆ ಬೆಳೆದ ಬೆಕ್ಕಿನ ಕೂದಲು ಮಂಕಾಗಿ, ಸುಲಭಕ್ಕೆ ಮುರಿಯುತ್ತದೆ. ಬೆಕ್ಕು ಮಾಂಸಾಹಾರವನ್ನೇ ನೆಚ್ಚಿದ ಪ್ರಾಣಿ, ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣಿಗೂ ಹೃದಯಕ್ಕೂ ಪೆಟ್ಟು. ಬೆಳೆದ ಬೆಕ್ಕಿನ ಸಂಪೂರ್ಣ ಆಹಾರದಲ್ಲಿ ತೇವಾಂಶ ಕಳೆದು ಕನಿಷ್ಠ ಶೇ 26ರಷ್ಟು ಪ್ರೋಟೀನು ಇರಬೇಕು, ಒಣ ಆಹಾರವಾದರೆ ಪ್ಯಾಕೆಟ್ಟಿನ ಮೇಲೆ 30ಕ್ಕಿಂತ ಹೆಚ್ಚು ಇರುವುದನ್ನು ಆರಿಸಿ. ಮಾಂಸಾಹಾರ ಬಳಸುವ ಮನೆಯಾದರೆ ವಾರಕ್ಕೆ ಒಂದೆರಡು ಸಲ ಉಪ್ಪು ಹಾಕದೆ ಬೇಯಿಸಿ ಮುಳ್ಳು ತೆಗೆದ ಭೂತಾಯಿ ಮೀನಿನ ಸಣ್ಣ ತುಂಡು ಕೊಡಬಹುದು, ಅದರ ಒಮೆಗಾ-3 ಚರ್ಮಕ್ಕೆ ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೆಕ್ಕಿಗೆ ವಿಷ.

ಉದುರುವುದರಲ್ಲಿ ಸಹಜ ಯಾವುದು, ಅಸಹಜ ಯಾವುದು? ಮೈಯೆಲ್ಲ ಒಂದೇ ಸಮ ಉದುರಿ ಎಲ್ಲೂ ಬೋಳಾಗದಿದ್ದರೆ ಸಹಜ. ಬೋಳು ಮಚ್ಚೆ, ಹೊಪ್ಪಳೆ, ತುರಿಕೆ, ಒಂದೇ ಜಾಗ ನೆಕ್ಕುವುದು, ತೂಕ ಇಳಿಯುವುದು ಕಂಡರೆ ಬಾಚಣಿಗೆ ಕೆಳಗಿಟ್ಟು ವೈದ್ಯರ ಬಳಿ ಹೋಗಿ. ಸೀರಣಿಗೆಯಲ್ಲಿ ಬಾಲದ ಬುಡ ಬಾಚಿ, ಸಿಕ್ಕ ಕರಿ ಕಾಳುಗಳನ್ನು ಒದ್ದೆ ಟಿಶ್ಯೂ ಮೇಲೆ ಉದುರಿಸಿ. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಬೆಕ್ಕು ಹೊರಗೆ ಹೋಗದಿದ್ದರೂ ನಮ್ಮ ಕಾಲಿಗಂಟಿ ಚಿಗಟ ಒಳಗೆ ಬರುತ್ತದೆ. ದುಂಡಗಿನ ಬೋಳು, ಅಂಚಿನಲ್ಲಿ ಬೂದಿಯಂಥ ಹೊಟ್ಟು ಇದ್ದರೆ ಹುಳುಕಡ್ಡಿ ಇರಬಹುದು. ಪರ್ಷಿಯನ್‌ಗಳಲ್ಲಿ ಅದು ಹೆಚ್ಚು, ಮನೆಯವರಿಗೂ ಹರಡುತ್ತದೆ. ಹೊಟ್ಟೆಯ ಅಡಿ ಮಾತ್ರ ಬೋಳಾಗುತ್ತಿದ್ದರೆ ಒತ್ತಡವೋ ಮೂತ್ರಕೋಶದ ನೋವೋ ಇರಬಹುದು. ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ಮೂತ್ರ ಬಾರದೆ ಒದ್ದಾಡಿದರೆ ಅದು ಅದೇ ದಿನ ತೋರಿಸಬೇಕಾದ ತುರ್ತು.

ದಿನವೂ ಬಾಚಲು ನಿಜವಾಗಿ ಬಿಡುವಿಲ್ಲ ಎಂದರೆ ನಡುದಾರಿಯೊಂದಿದೆ, ನಮ್ಮ ಸಲಹೆಯೂ ಅದೇ. ಹೊಟ್ಟೆ, ಕಂಕುಳು, ತೊಡೆಸಂದು, ಬಾಲದ ಕೆಳಗಿನ ಜಾಗ, ಅಂಗಾಲಿನ ನಡುವಿನ ಕೂದಲನ್ನಷ್ಟೇ ಗಿಡ್ಡ ಮಾಡಿಸಿ. ಗಂಟು ಹುಟ್ಟುವುದು ಬಹುತೇಕ ಅಲ್ಲೇ, ಬಿಸಿಲು ಬೀಳುವ ಬೆನ್ನು ಹಾಗೇ ಉಳಿಯುತ್ತದೆ. ಬೆನ್ನಿನದೂ ಗಿಡ್ಡವಾಗಬೇಕೆಂದರೆ ಮಷೀನಿಗೆ ಬಾಚಣಿಗೆಯಂಥ ಹಲ್ಲು ಸಿಕ್ಕಿಸಿ ಎರಡರಿಂದ ಎರಡೂವರೆ ಸೆಂಟಿಮೀಟರ್ ಉಳಿಸುವ ಕೋಂಬ್ ಕಟ್ ಕೇಳಿ. ಉದುರುವ ಎಳೆಗಳ ಸಂಖ್ಯೆ ಅದರಿಂದ ಕಡಿಮೆಯಾಗುವುದಿಲ್ಲ, ಬಾಚುವ ಶ್ರಮ ಕಡಿಮೆಯಾಗುತ್ತದೆ.

ಅಂಗಡಿ ಆರಿಸುವಾಗ ಮುಂಚೆಯೇ ಕೇಳಿಕೊಳ್ಳಿ: ಯಾವ ಬ್ಲೇಡು ಬಳಸುತ್ತೀರಿ? ಬೆಕ್ಕಿನ ಚರ್ಮಕ್ಕೆ ಹತ್ತಿರ ಓಡಿಸಲು 10ನೇ ನಂಬರಿನದು ಸುರಕ್ಷಿತ, ಅದು ಸುಮಾರು ಒಂದೂವರೆ ಮಿಲಿಮೀಟರ್ ಉಳಿಸುತ್ತದೆ. ಹಲ್ಲುಗಳ ನಡುವೆ ಅಂತರ ಹೆಚ್ಚಿರುವ, ನಾಯಿಗೆ ಬಳಸುವ ಬ್ಲೇಡುಗಳಿಗೆ ಬೆಕ್ಕಿನ ಚರ್ಮ ಸಿಕ್ಕಿಕೊಳ್ಳುತ್ತದೆ. ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡು ಸೋಂಕುಮುಕ್ತ ಮಾಡುತ್ತೀರಾ? ಇಲ್ಲವೆಂದರೆ ಹುಳುಕಡ್ಡಿ ಉಚಿತವಾಗಿ ಬರುತ್ತದೆ. ನಾನು ಪಕ್ಕದಲ್ಲಿ ನಿಲ್ಲಬಹುದೇ? ಬೆಕ್ಕು ಏದುಸಿರು ಬಿಟ್ಟರೆ ಅರ್ಧಕ್ಕೇ ನಿಲ್ಲಿಸುತ್ತೀರಾ? ಬೆಕ್ಕಿಗೆ ಟ್ರೈಕ್ಯಾಟ್ (ಬೆಕ್ಕಿನ ಮೂರು ವೈರಸ್ ರೋಗಗಳ ವಿರುದ್ಧದ ಲಸಿಕೆ), ರೇಬೀಸ್ ಲಸಿಕೆ ಆಗಿರಲಿ, ಹಿಂದಿನ ದಿನ ಉಗುರು ಕತ್ತರಿಸಿರಲಿ, ಮೀಸೆಗೆ ಯಾರೂ ಕೈ ಹಾಕದಿರಲಿ. ಕೆಲಸ ನಡೆಯುವಾಗ ಎರಡು ಮೂರು ನಿಮಿಷಕ್ಕೊಮ್ಮೆ ಅವರು ಬ್ಲೇಡನ್ನು ತಮ್ಮ ಮಣಿಕಟ್ಟಿಗೆ ತಾಗಿಸಿ ಬಿಸಿ ನೋಡುತ್ತಾರೋ ಇಲ್ಲವೋ ಗಮನಿಸಿ. ಕೈಕೆಲಸ ಬಲ್ಲವರು ಹೇಳಿಸಿಕೊಳ್ಳದೆಯೇ ಅದನ್ನು ಮಾಡುತ್ತಾರೆ.

ಮನೆಗೆ ಬಂದ ಮೇಲೆ ಎರಡು ದಿನ ಬೆಳಿಗ್ಗೆ ಸಂಜೆ ಕಂಕುಳು, ತೊಡೆಸಂದು, ಹೊಟ್ಟೆ ನೋಡಿ. ಕೆಂಪು, ಒದ್ದೆ, ಬಿಡದೆ ನೆಕ್ಕುವುದು ಇದ್ದರೆ ಕೊರಳಿಗೆ ನೆಕ್ಕದಂತೆ ತಡೆಯುವ ಕೋನ್ ಹಾಕಿ ವೈದ್ಯರಿಗೆ ತೋರಿಸಿ. ಅರಿಶಿನ, ಮನುಷ್ಯರ ಮುಲಾಮು ಹಚ್ಚಬೇಡಿ. ಕೂದಲು ಒಂದು ಸೆಂಟಿಮೀಟರ್ ದಾಟುತ್ತಿದ್ದಂತೆ ಒತ್ತು ಹಲ್ಲಿನ ಬಾಚಣಿಗೆಯನ್ನು ದಿನಕ್ಕೆರಡು ನಿಮಿಷ ಆಡಿಸಲು ಶುರುಮಾಡಿ. ಆಗ ಎಳೆಯಲು ಗಂಟು ಇರುವುದಿಲ್ಲ, ಬೆಕ್ಕಿಗೆ ನೋವಾಗುವುದಿಲ್ಲ, ಬಾಚಣಿಗೆಗೆ ಅದನ್ನು ಒಗ್ಗಿಸಲು ಅಷ್ಟು ಸುಲಭದ ಸಮಯ ಬೇರೆ ಸಿಗುವುದಿಲ್ಲ.